ಅಮೃತಮಹಲಿನ ಹುಲ್ಲುಗಾವಲೂ ಎಲುಬಿನ ಹಿಟ್ಟಿನ ರೋಗವೂ

ಕಡೂರು, ಬೀರೂರುಗಳನ್ನು ದಾಟಿ ಹುಬ್ಬಳ್ಳಿಯ ಕಡೆಗೆ ಸಾಗುವ ರೈಲುಗಾಡಿಯಲ್ಲಿ ಕಿಟಕಿಯ ಬಳಿ ಕುಳಿತವರಿಗೆ ಅಜ್ಜಂಪುರದ ಆಸುಪಾಸಿನಲ್ಲಿ ಒಂದು ದೃಶ್ಯವು ಕಾಣಸಿಗುವುದುಂಟು. ಮರಗಳು ವಿರಳವಾಗಿ ಹುಲ್ಲು ವಿಪುಲವಾಗಿ ಹಬ್ಬಿರುವ ಬಯಲು; ಅದರಲ್ಲಿ ಬೂದುಬಣ್ಣದ, ನೀಳಮುಖದ ದನಗಳ ಹಿಂಡು. ಅವುಗಳ ಕೊಂಬುಗಳು ಬುಡದಲ್ಲಿ ಒಂದಕ್ಕೊಂದು ಸಮೀಪವಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲೆದ್ದು ಈಟಿಯ ಮೊನೆಯಂತೆ ಕೊನೆಗೊಳ್ಳುವುವು. ಅಪರಿಚಿತನು ಹತ್ತಿರ ಬಂದರೆ ಇವು ತಲೆಯೆತ್ತಿ ನೋಡುವ ನೋಟದಲ್ಲಿ ಸಾಕುಪ್ರಾಣಿಯ ಸೌಮ್ಯತೆಗಿಂತ ಕಾಡುಮೃಗದ ಎಚ್ಚರವೇ ಅಧಿಕ. ಇವೇ ಅಮೃತಮಹಲ್ ತಳಿಯ ರಾಸುಗಳು.

1947ರವರೆಗೆ ಕಡೂರು ಜಿಲ್ಲೆಯೆಂಬ ಹೆಸರಿನಿಂದಲೇ ಕರೆಯಲ್ಪಡುತ್ತಿದ್ದ ಈ ಸೀಮೆಯ ಚರಿತ್ರೆಯನ್ನು ಬರೆದವರು ಪಾಳೆಯಗಾರರನ್ನೂ ದೇವಾಲಯಗಳನ್ನೂ ಶಾಸನಗಳನ್ನೂ ಮರೆತಿಲ್ಲ. ಆದರೆ ಈ ದನಗಳು ಏನನ್ನು ತಿಂದುವು ಎಂಬುದೂ ಚರಿತ್ರೆಗೆ ಸೇರಿದ ವಿಷಯವೇ ಎಂದು ಬಗೆದವರು ಕಡಿಮೆ. ಹಸುವು ಏನನ್ನು ತಿಂದಿತೆಂಬ ಈ ಸಾಮಾನ್ಯ ಪ್ರಶ್ನೆಯೇ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಮಂತ್ರಿಮಂಡಲವನ್ನು ನಡುಗಿಸಿತು. ರೋಗವೆಂದರೇನು ಎಂಬ ವೈದ್ಯಶಾಸ್ತ್ರದ ಮೂಲಕಲ್ಪನೆಯನ್ನೇ ಅಲುಗಿಸಿತು. ಕಡೆಗೆ ಭಾರತದ ಮೇಲೊಂದು ಅಪವಾದವಾಗಿ ಬಂದು, ಅದಕ್ಕೆ ಬೆಂಗಳೂರಿನ ವೈದ್ಯರು ಉತ್ತರ ಹೇಳಬೇಕಾಯಿತು. ಆ ವೃತ್ತಾಂತವನ್ನು ಅಜ್ಜಂಪುರದ ಹುಲ್ಲಿನಿಂದಲೇ ಪ್ರಾರಂಭಿಸುವುದು ಯುಕ್ತ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಗೆ ಹಾಲುಬೆಣ್ಣೆಗಳನ್ನು ಒದಗಿಸುವ ಸಲುವಾಗಿ ಬೆಣ್ಣೆ ಚಾವಡಿಯೆಂಬ ಇಲಾಖೆಯಿದ್ದು, ಅದರ ದನಗಳಿಗಾಗಿ ರಾಜ್ಯದ ನಾನಾ ಕಡೆಗಳಲ್ಲಿ ಕಾವಲುಗಳು ಮೀಸಲಾಗಿದ್ದುವು. ಹೈದರಾಲಿಯು ಈ ಹಿಂಡನ್ನು ಬೆಳೆಯಿಸಿ ಸೈನ್ಯದ ಬಂಡಿಗಳಿಗೂ ತೋಪುಗಳಿಗೂ ಹೂಡಿದನು. ಚಿದಂಬರದ ರಕ್ಷಣೆಗೆಂದು ಅವನು ನೂರು ಮೈಲಿಗಳ ದಾರಿಯನ್ನು ಎರಡೂವರೆ ದಿನಗಳಲ್ಲಿ ಕ್ರಮಿಸಿದುದು ಈ ಎತ್ತುಗಳ ಬಲದಿಂದಲೇ ಎಂದು ಮೈಸೂರು ಗ್ಯಾಸೆಟಿಯರು ಹೇಳುತ್ತದೆ. ಬೆಣ್ಣೆ ಚಾವಡಿಗೆ ಅಮೃತಮಹಲೆಂಬ ಹೆಸರನ್ನಿಟ್ಟವನು ಟಿಪ್ಪು ಸುಲ್ತಾನ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ಹಿಂಡು ಕೆಲವು ವರ್ಷ ಕ್ಷೀಣಿಸುತ್ತ ಬಂದು, 1813ರಲ್ಲಿ ಮದ್ರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆಯ ವಶಕ್ಕೆ ಬಂದಿತು. ಅವನ ಕೈಯಲ್ಲಿ ಮತ್ತೆ ವೃದ್ಧಿಯಾಯಿತು. 1860ರಲ್ಲಿ ಮಿತವ್ಯಯದ ನೆವದಿಂದ ಹಿಂಡನ್ನೇ ಒಡೆದು ಮಾರಿದರು. ಮಾರಿದ ಮೇಲೆ ತೋಪಿನ ಬಂಡಿಗೆ ತಕ್ಕ ಎತ್ತು ದೊರೆಯದೆಹೋದಾಗ ಪಶ್ಚಾತ್ತಾಪಪಟ್ಟು 1866ರಲ್ಲಿ ಪುನಃ ಕೂಡಿಸಿದರು. ಉಳಿತಾಯದ ಬುದ್ಧಿಯು ಹಸುವಿನ ವಿಷಯದಲ್ಲಿ ಆಂಗ್ಲೇಯರನ್ನು ಮೋಸಗೊಳಿಸಿದುದು ಅದೇ ಕೊನೆಯ ಸಲವಲ್ಲವೆಂಬುದು ಮುಂದೆ ತಿಳಿಯುವುದು. 1882ರಲ್ಲಿ ಹಿಂಡು ಮೈಸೂರು ಸರ್ಕಾರಕ್ಕೆ ಸೇರಿತು. 1923ರಲ್ಲಿ ವ್ಯವಸಾಯ ಇಲಾಖೆಗೆ ಬಂದಿತು. 1929ರಲ್ಲಿ ಅಜ್ಜಂಪುರವು ಅದರ ತಳಿಸಂವರ್ಧನ ಕೇಂದ್ರವಾಯಿತು.

ಈ ದೀರ್ಘಕಾಲದಲ್ಲಿ ಅಧಿಪತಿಗಳು ಬದಲಾದರೂ ಒಂದು ಪದ್ಧತಿಯು ಬದಲಾಗಲಿಲ್ಲ. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ, ಋತುವಿಗನುಗುಣವಾಗಿ ಹಿಂಡನ್ನು ಒಂದರಿಂದ ಒಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಬೇಸಿಗೆಯ ಕಾವಲಿಗೆ ಕೆರೆಯಂಗಳದ ನೀರೂ ಮರದ ನೆರಳೂ ಬೇಕು. ಮಳೆಗಾಲದ್ದಕ್ಕೆ ಹುಲ್ಲು ಸಾಕು. ಬೀರೂರು, ಬಾಸೂರು, ತರೀಕೆರೆಯ ಕಡೆಯ ಲಿಂಗದಹಳ್ಳಿ ಇವೆಲ್ಲ ಈ ವ್ಯವಸ್ಥೆಗೆ ಸೇರಿದ ಹೆಸರುಗಳು. ರಾಸುವಿಗೆ ಕಾವಲಿನ ಹುಲ್ಲೇ ಪ್ರಧಾನಾಹಾರ. ಹಸುವು ಹುಲ್ಲು ತಿನ್ನುತ್ತದೆಯೆಂಬುದನ್ನು ಬರೆದು ತೋರಿಸಬೇಕಾದ ಕಾಲವೊಂದು ಬಂದೀತೆಂದು ಕಾವಲುಗಾರರಾರೂ ಊಹಿಸಿರಲಾರರು.

ದನಗಳಿಗೆ ರೋಗಗಳು ಬಾರದೆ ಇರಲಿಲ್ಲ. ದೊಡ್ಡರೋಗವೊಂದೇ ಹಟ್ಟಿಗೆ ಹಟ್ಟಿಯನ್ನೇ ಬರಿದುಮಾಡಬಲ್ಲುದಾಗಿತ್ತು. ಆದರೆ ಅದಕ್ಕೆ ಕಾರಣವಾದುದು ಒಂದು ವೈರಾಣು. ಅದನ್ನು ದುರ್ಬಲಗೊಳಿಸಿ ಲಸಿಕೆ ಮಾಡಬಹುದಾಗಿತ್ತು. ಹಾಗೆ ಮಾಡಿದುದರ ಫಲವಾಗಿ 2006ರಲ್ಲಿ ಭಾರತವೂ 2011ರಲ್ಲಿ ಸಮಸ್ತ ಭೂಮಂಡಲವೂ ಆ ರೋಗದಿಂದ ಮುಕ್ತವಾಯಿತೆಂದು ಸಾರಲಾಯಿತು. ಪಾಸ್ತರನ ಕಾಲದಿಂದ ವೈದ್ಯಶಾಸ್ತ್ರವು ನಂಬಿಬಂದುದು ಇದನ್ನೇ: ಅಂಟುರೋಗವೆಂದರೆ ಒಂದು ಜೀವಾಣು; ಜೀವಾಣುವಾದುದರಿಂದ ಅದು ಸಾಯಲೇಬೇಕು; ಬೆಂಕಿಗೆ, ಮದ್ದಿಗೆ, ಕಿರಣಕ್ಕೆ ಯಾವುದಾದರೊಂದಕ್ಕೆ ಸೋಲಲೇಬೇಕು. ಈ ನಂಬಿಕೆಯು ಹಳತಾಗುವಷ್ಟರಲ್ಲಿಯೇ ಅದಕ್ಕೆ ವಿರುದ್ಧವಾದ ಸಾಕ್ಷಿಯು ಹಸುವಿನ ರೂಪದಲ್ಲಿ ಬಂದಿತು.

1986ರ ನವೆಂಬರಿನಲ್ಲಿ ಇಂಗ್ಲೆಂಡಿನ ವೇಬ್ರಿಜ್ ಎಂಬಲ್ಲಿರುವ ಕೇಂದ್ರ ಪಶುವೈದ್ಯ ಪ್ರಯೋಗಶಾಲೆಯವರು ಒಂದು ಹೊಸ ರೋಗವನ್ನು ಗುರುತಿಸಿದರು. ಹಸುವು ಕಾರಣವಿಲ್ಲದೆ ಬೆದರುವುದು, ಒದೆಯುವುದು, ಹಿಂಗಾಲು ತೊಡರಿ ಮುಗ್ಗರಿಸುವುದು, ಕೊನೆಗೆ ನೆಲಹಿಡಿದು ಸಾಯುವುದು. ಸತ್ತ ಹಸುವಿನ ಮಿದುಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಅದು ಸ್ಪಂಜಿನಂತೆ ತೂತು ತೂತು. ಜ್ವರವಿಲ್ಲ, ಕೀವಿಲ್ಲ, ಬಾವಿಲ್ಲ. ಶರೀರವು ಶತ್ರುವನ್ನು ಎದುರಿಸಿದ ಗುರುತೇ ಇಲ್ಲ. ಜನರು ಇದನ್ನು ಹುಚ್ಚುಹಸುವಿನ ರೋಗವೆಂದರು. 1992ರ ಒಂದೇ ವರ್ಷದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಹಸುಗಳಲ್ಲಿ ರೋಗವು ದೃಢಪಟ್ಟಿತು. ಒಟ್ಟು ಸಂಖ್ಯೆ ಒಂದು ಲಕ್ಷ ಎಂಬತ್ತು ಸಾವಿರವನ್ನು ಮೀರಿತು. ಕೊಂದು ಹಾಕಿದ ದನಗಳ ಸಂಖ್ಯೆ ನಲವತ್ತು ಲಕ್ಷಕ್ಕೂ ಮೇಲೆ.

ಕಾರಣವನ್ನು ಶೋಧಿಸಿದ ಪಶುವೈದ್ಯ ಜಾನ್ ವೈಲ್ಸ್‌ಮಿತ್ತನು ಊರು, ತಳಿ, ಮದ್ದು, ವಿಷ ಎಲ್ಲವನ್ನೂ ಒಂದೊಂದಾಗಿ ಪರಿಶೀಲಿಸಿ ತಳ್ಳಿಹಾಕಿ, ಕೊನೆಗೆ ದೂಡಿದ್ದು ದಾಣಿಯ ಮೇಲೆ ಬೆರಳನ್ನು. ಹಾಲು ಹೆಚ್ಚಾಗಲೆಂದು ಹಸುಗಳಿಗೆ ಕೊಡುತ್ತಿದ್ದ ಹಿಂಡಿಯಲ್ಲಿ ಕಸಾಯಿಖಾನೆಯಲ್ಲಿ ಉಳಿದ ಮಾಂಸ, ಎಲುಬು, ನರಗಳನ್ನು ಬೇಯಿಸಿ ಒಣಗಿಸಿ ಮಾಡಿದ ಹಿಟ್ಟು ಸೇರಿತ್ತು. ಕುರಿಯ ಅವಶೇಷವನ್ನೂ ಹಸುವಿನ ಅವಶೇಷವನ್ನೂ ಹಸುವೇ ತಿನ್ನುತ್ತಿತ್ತು. ಈ ಹಿಟ್ಟನ್ನು ಅವರು ಬಹುಕಾಲದಿಂದ ಬಳಸುತ್ತಿದ್ದರು. ಆದರೆ ಸುಮಾರು 1980ರ ಹೊತ್ತಿಗೆ ಕೊಬ್ಬನ್ನು ಪ್ರತ್ಯೇಕಿಸುವ ಕ್ರಮವು ಖರ್ಚಿನ ದೃಷ್ಟಿಯಿಂದ ಬದಲಾಗಿತ್ತು. 1988ರ ಜುಲೈಯಲ್ಲಿ ಸರ್ಕಾರವು ಇಂತಹ ಹಿಟ್ಟನ್ನು ಮೆಲುಕುಹಾಕುವ ಪ್ರಾಣಿಗಳಿಗೆ ಕೊಡಕೂಡದೆಂದು ನಿಷೇಧಿಸಿತು. ರೋಗವು ಮೈಯಲ್ಲಿ ಅಡಗಿ ಹೊರಬೀಳುವುದಕ್ಕೆ ನಾಲ್ಕೈದು ವರ್ಷಗಳು ಹಿಡಿಯುವುದರಿಂದ, ನಿಷೇಧದ ನಂತರವೂ ಹಸುಗಳು ಬೀಳುತ್ತಲೇ ಇದ್ದುವು.

ಮನುಷ್ಯರಿಗೆ ಭಯವಿಲ್ಲವೆಂದು ಅಧಿಕಾರಿಗಳು ಅಭಯವಿತ್ತರು. 1990ರಲ್ಲಿ ಅಲ್ಲಿಯ ಕೃಷಿಮಂತ್ರಿಯು ವರದಿಗಾರರೆದುರಿಗೆ ತನ್ನ ಪುಟ್ಟ ಮಗಳ ಕೈಗೆ ಗೋಮಾಂಸದ ತಿಂಡಿಯನ್ನಿತ್ತು, ತಾನೂ ತಿಂದು ತೋರಿಸಿದನು. 1996ರ ಮಾರ್ಚ್ 20ರಂದು ಅದೇ ಸರ್ಕಾರವು ಪಾರ್ಲಿಮೆಂಟಿನಲ್ಲಿ ಎದ್ದುನಿಂತು, ತರುಣರಲ್ಲಿ ಕಾಣಿಸಿಕೊಂಡಿರುವ ಒಂದು ಹೊಸ ಬಗೆಯ ಕ್ರಾಯಿಟ್ಸ್‌ಫೆಲ್ಟ್–ಯಾಕೋಬ್ ರೋಗಕ್ಕೂ ಆ ಹಸುಗಳಿಗೂ ಸಂಬಂಧವಿರುವುದು ಬಹಳ ಸಂಭಾವ್ಯವೆಂದು ಒಪ್ಪಿಕೊಳ್ಳಬೇಕಾಯಿತು. ಆ ರೋಗದಿಂದ ಬ್ರಿಟನ್ನಿನಲ್ಲಿ ಸತ್ತವರು 178 ಮಂದಿ.

ಇದರ ಪೂರ್ವವೃತ್ತಾಂತವು ಕುರಿಯದು. ಯೂರೋಪಿನ ಕುರುಬರು ಇನ್ನೂರೈವತ್ತು ವರ್ಷಗಳಿಗಿಂತ ಹಿಂದಿನಿಂದಲೂ ಒಂದು ರೋಗವನ್ನು ಬಲ್ಲವರಾಗಿದ್ದರು. ಕುರಿಯು ತುರಿಕೆ ತಾಳಲಾರದೆ ಬೇಲಿಗೂ ಕಂಬಕ್ಕೂ ಮೈಯುಜ್ಜಿ ಉಣ್ಣೆಯನ್ನು ಕಳೆದುಕೊಂಡು, ನಡೆತಪ್ಪಿ ಸಾಯುವುದು. ಇದಕ್ಕೆ ಸ್ಕ್ರೇಪಿಯೆಂದು ಹೆಸರು. ಭಾರತದಲ್ಲಿಯೂ ಹಿಮಾಲಯದ ತಪ್ಪಲಿನ ಕುರಿಗಳಲ್ಲಿ ಇದು ಕಂಡುಬಂದುದಾಗಿ 1961ರಲ್ಲಿ ವರದಿಯಾಯಿತು. 1936ರಲ್ಲಿ ಫ್ರಾನ್ಸಿನ ಕ್ಯೂಯೆ ಮತ್ತು ಶೆಲ್ ಎಂಬ ಇಬ್ಬರು ಪಶುವೈದ್ಯರು ರೋಗಿಷ್ಠ ಕುರಿಯ ನರದ ಅಂಶವನ್ನು ಸ್ವಸ್ಥ ಕುರಿಗೆ ಚುಚ್ಚಿ, ಒಂದು ವರ್ಷಕ್ಕಿಂತಲೂ ಹೆಚ್ಚು ಕಾಲ ಕಾದು, ರೋಗವು ಹರಡುತ್ತದೆಂದು ಸಿದ್ಧಪಡಿಸಿದರು. ಅದೇ ಸುಮಾರಿನಲ್ಲಿ ಸ್ಕಾಟ್ಲೆಂಡಿನಲ್ಲಿ ಒಂದು ಅನಾಹುತವಾಯಿತು. ಬೇರೊಂದು ರೋಗದ ತಡೆಗಾಗಿ ಕುರಿಯ ಮಿದುಳಿನಿಂದ ತಯಾರಿಸಿ ಫಾರ್ಮಲಿನ್ನಿನಲ್ಲಿ ಶುದ್ಧಪಡಿಸಿದ ಲಸಿಕೆಯನ್ನು 1935ರಲ್ಲಿ ಹದಿನೆಂಟು ಸಾವಿರ ಕುರಿಗಳಿಗೆ ಚುಚ್ಚಿದ್ದರು. ಎರಡು ವರ್ಷಗಳ ತರುವಾಯ ಅವುಗಳಲ್ಲಿ ಸ್ಕ್ರೇಪಿ ಕಾಣಿಸಿಕೊಂಡಿತು. ಸಕಲ ಜೀವಾಣುಗಳನ್ನೂ ಕೊಲ್ಲುವ ಫಾರ್ಮಲಿನ್ನು ಈ ರೋಗದ ಬೀಜವನ್ನು ಕೊಲ್ಲಲಿಲ್ಲ. ಇದೆಂತಹ ಬೀಜ?

ಮನುಷ್ಯಲೋಕದಲ್ಲಿ ಇದಕ್ಕೆ ಜೋಡಿ ಸಿಕ್ಕಿದುದು ನ್ಯೂಗಿನಿ ದ್ವೀಪದ ಬೆಟ್ಟಗಳಲ್ಲಿ. ಅಲ್ಲಿಯ ಫೋರೆ ಎಂಬ ಜನರು ಸತ್ತ ಬಂಧುಗಳ ದೇಹವನ್ನು ಗೌರವಪೂರ್ವಕವಾಗಿ ಭುಜಿಸುವ ಆಚಾರವುಳ್ಳವರು. ಅವರಲ್ಲಿ ಹೆಂಗಸರೂ ಮಕ್ಕಳೂ ಕುರು ಎಂಬ ನಡುಕದ ರೋಗದಿಂದ ಸಾಯುತ್ತಿದ್ದರು. 1957ರಲ್ಲಿ ಗಾಜ್ಡುಸೆಕ್ಕನೂ ಝೀಗಾಸನೂ ಇದನ್ನು ಲೋಕಕ್ಕೆ ತಿಳಿಸಿದರು. ಕುರುವಿನಿಂದ ಸತ್ತವರ ಮಿದುಳಿನ ಚಿತ್ರಗಳನ್ನು ನೋಡಿದ ಹ್ಯಾಡ್ಲೋ ಎಂಬ ಪಶುವೈದ್ಯನು, ಇದು ಕುರಿಯ ಸ್ಕ್ರೇಪಿಯಂತೆಯೇ ಇದೆಯಲ್ಲಾ ಎಂದು 1959ರಲ್ಲಿ ಲ್ಯಾನ್ಸೆಟ್ ಪತ್ರಿಕೆಗೆ ಕಾಗದ ಬರೆದನು. ಪಶುವೈದ್ಯನೊಬ್ಬನ ಆ ಕಾಗದವೇ ಮುಂದಿನ ಸಂಶೋಧನೆಗೆಲ್ಲ ದಾರಿತೋರಿತು. ತನ್ನ ಜಾತಿಯನ್ನು ತಾನೇ ತಿಂದವರಲ್ಲಿ ಹುಟ್ಟಿದ ರೋಗವು ತನ್ನ ಜಾತಿಯನ್ನು ತಾನೇ ತಿಂದ ಹಸುಗಳಲ್ಲಿ ಮೂವತ್ತು ವರ್ಷಗಳ ಅನಂತರ ಹುಟ್ಟಿತು. ಫೋರೆ ಜನರು ಆಚಾರದಿಂದ ತಿಂದರು. ಹಸುಗಳಿಗೆ ತಿನ್ನಿಸಿದವರು ಲಾಭಕ್ಕಾಗಿ ತಿನ್ನಿಸಿದರು.

1967ರಲ್ಲಿ ಲಂಡನ್ನಿನ ಟಿಕ್ವಾ ಆಲ್ಪರ್ ಎಂಬ ವಿದುಷಿಯು ಸ್ಕ್ರೇಪಿಯ ಬೀಜದ ಮೇಲೆ ಅತಿನೇರಳೆ ಕಿರಣಗಳನ್ನು ಹಾಯಿಸಿ ನೋಡಿದಳು. ಬ್ಯಾಕ್ಟೀರಿಯವಾಗಲಿ ವೈರಾಣುವಾಗಲಿ ತನ್ನ ವಂಶಾಕ್ಷರಗಳನ್ನು ಬರೆದಿಟ್ಟುಕೊಂಡಿರುವುದು ನ್ಯೂಕ್ಲಿಯಿಕ್ ಆಮ್ಲದಲ್ಲಿ. ಆ ಕಿರಣಗಳು ಅದನ್ನು ಹಾಳುಮಾಡುವುವು. ಸ್ಕ್ರೇಪಿಯ ಬೀಜಕ್ಕೆ ಏನೂ ಆಗಲಿಲ್ಲ. ಎಂದರೆ ಅದರಲ್ಲಿ ವಂಶಾಕ್ಷರವೇ ಇಲ್ಲ. ಅದೇ ವರ್ಷ ಗ್ರಿಫಿತ್ ಎಂಬ ಗಣಿತಜ್ಞನು, ಪ್ರೋಟೀನೊಂದೇ ತನ್ನ ರೂಪವನ್ನು ನೆರೆಯ ಪ್ರೋಟೀನಿಗೆ ಹಚ್ಚುತ್ತ ಹೋಗುವುದು ಅಸಾಧ್ಯವಲ್ಲವೆಂದು ಲೆಕ್ಕದಿಂದ ತೋರಿಸಿದನು. ಸ್ಯಾನ್ ಫ್ರಾನ್ಸಿಸ್ಕೋ ನಗರದ ಸ್ಟ್ಯಾನ್ಲಿ ಪ್ರೂಸಿನರನು 1972ರಲ್ಲಿ ತನ್ನ ಆರೈಕೆಯಲ್ಲಿದ್ದ ರೋಗಿಯೊಬ್ಬರು ಕ್ರಾಯಿಟ್ಸ್‌ಫೆಲ್ಟ್–ಯಾಕೋಬ್ ರೋಗದಿಂದ ತೀರಿಕೊಂಡುದನ್ನು ಕಂಡು ಈ ಬೀಜವನ್ನೇ ಹಿಡಿಯುವೆನೆಂದು ಹೊರಟವನು. ಬೇಗ ರೋಗ ಬೀಳುವ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಳಲ್ಲಿ ಪ್ರಯೋಗ ನಡೆಸಿ, ಬೀಜವನ್ನು ಶೋಧಿಸುತ್ತ ಶೋಧಿಸುತ್ತ ಹೋದಂತೆ ಕೊನೆಗೆ ಉಳಿದುದು ಪ್ರೋಟೀನು ಮಾತ್ರ. 1982ರಲ್ಲಿ ಅದಕ್ಕೆ ಪ್ರಿಯಾನ್ ಎಂದು ಹೆಸರಿಟ್ಟನು. ವಿದ್ವಾಂಸರನೇಕರು ನಕ್ಕರು. 1997ರಲ್ಲಿ ನೊಬೆಲ್ ಪಾರಿತೋಷಕವು ಅವನಿಗೆ ಸಂದಿತು.

ಇಲ್ಲಿ ಪ್ರೋಟೀನೆಂದರೇನೆಂಬುದನ್ನು ವಿವರಿಸುವುದು ಅವಶ್ಯ. ಹಳೆಯ ಪಠ್ಯಪುಸ್ತಕಗಳು ಸಸಾರಜನಕವೆಂದು ಕರೆಯುತ್ತಿದ್ದ ಈ ವಸ್ತುವು ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ನಿಯತಕ್ರಮದಲ್ಲಿ ಪೋಣಿಸಿದ ಸರ. ಸರವು ನೀಳವಾಗಿಯೇ ಇದ್ದರೆ ಕೆಲಸಕ್ಕೆ ಬಾರದು. ಸುತ್ತಿ, ಮಡಿಸಿ, ತನಗೆ ತಕ್ಕ ಆಕಾರವನ್ನು ತಾಳಿದಾಗಲೇ ಅದು ಸಾರ್ಥಕ. ಮಣಿಗಳ ಕ್ರಮದಲ್ಲಿಯೇ ಮಡಿಕೆಯ ಗುಟ್ಟೂ ಅಡಗಿದೆಯೆಂದು ಅಮೇರಿಕದ ಆನ್ಫಿನ್ಸನನು ತೋರಿಸಿ 1972ರಲ್ಲಿ ನೊಬೆಲ್ ಪಡೆದನು. ಸರವು ಯಾವ ಯಾವ ಕೋನಗಳಲ್ಲಿ ತಿರುಗಬಹುದು, ಯಾವುವುಗಳಲ್ಲಿ ತಿರುಗಲಾರದು ಎಂಬುದರ ನಕ್ಷೆಯನ್ನು 1963ರಲ್ಲಿ ಪ್ರಕಟಿಸಿದವರು ಮದ್ರಾಸು ವಿಶ್ವವಿದ್ಯಾನಿಲಯದ ಜಿ. ಎನ್. ರಾಮಚಂದ್ರನ್, ರಾಮಕೃಷ್ಣನ್, ಶಶಿಶೇಖರನ್ ಎಂಬ ಮೂವರು. ರಾಮಚಂದ್ರನ್ನರು ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು, 1971ರಲ್ಲಿ ಮತ್ತೆ ಅಲ್ಲಿಗೇ ಬಂದು ಅಣುಜೀವಭೌತಶಾಸ್ತ್ರದ ವಿಭಾಗವನ್ನು ಸ್ಥಾಪಿಸಿದರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನಿನ ಆಕಾರವನ್ನು ಪರೀಕ್ಷಿಸಿದರೂ ರಾಮಚಂದ್ರನ್ ನಕ್ಷೆಗೆ ಹೊಂದುವುದೇ ಎಂದು ನೋಡುವುದು ವಾಡಿಕೆ.

ಒಂದೇ ಸರವು ಎರಡು ವಿಧವಾಗಿ ಮಡಿಸಿಕೊಂಡರೆ? ವ್ಯಾಕರಣವನ್ನು ಓದಿದವರಿಗೆ ಇದು ಆಶ್ಚರ್ಯವಲ್ಲ. ಪೀತಾಂಬರವೆಂಬ ಪದವನ್ನು ಕರ್ಮಧಾರಯವಾಗಿ ವಿಗ್ರಹಿಸಿದರೆ ಹಳದಿಯ ಬಟ್ಟೆ. ಬಹುವ್ರೀಹಿಯಾಗಿ ವಿಗ್ರಹಿಸಿದರೆ ಅದನ್ನುಟ್ಟ ವಿಷ್ಣು. ಅಕ್ಷರವೊಂದೂ ಬದಲಾಗಲಿಲ್ಲ, ಅರ್ಥವು ಬೇರೆಯಾಯಿತು. ಪ್ರಿಯಾನ್ ಪ್ರೋಟೀನು ಸುಮಾರು 210 ಮಣಿಗಳ ಸರ. ಅದು ಹಸುವಿನಲ್ಲಿಯೂ ಕುರಿಯಲ್ಲಿಯೂ ಮನುಷ್ಯನಲ್ಲಿಯೂ ನರಕೋಶಗಳ ಮೇಲೆ ಸಹಜವಾಗಿಯೇ ಇರುವ ವಸ್ತು. ಅದರ ಪ್ರಕೃತಿಯಲ್ಲಿ ಮೂರು ಸುರುಳಿಗಳಿವೆ. ವಿಕೃತಿಯಲ್ಲಿ ಸುರುಳಿಗಳು ಬಿಚ್ಚಿ ಸರವೆಲ್ಲ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಒಂದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಮುತ್ತುಗದ ಊಟದೆಲೆಗಳನ್ನು ಪೇರಿಸಿಟ್ಟಂತೆ ಕೂತು ಉದ್ದವಾದ ನೂಲಾಗುತ್ತದೆ. ಒಂದು ಪದರಕ್ಕೂ ಇನ್ನೊಂದಕ್ಕೂ ಇರುವ ಅಂತರವು ಒಂದು ಮಿಲಿಮೀಟರಿನ ಇಪ್ಪತ್ತು ಲಕ್ಷದಲ್ಲೊಂದು ಪಾಲು.

ಈ ಸಂಘಾತವು ಬೆಳೆಯುವ ಬಗೆಯು ಮನೆಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿದಂತೆಯೇ ತೋರುತ್ತದೆ. ಒಂದು ಚಮಚ ಮೊಸರು ಒಂದು ಗಡಿಗೆ ಹಾಲನ್ನು ತನ್ನಂತೆ ಮಾಡಿಬಿಡುತ್ತದಷ್ಟೆ. ಆದರೆ ಮೊಸರಿನಲ್ಲಿ ಜೀವಾಣುಗಳಿವೆ. ಕುದಿಸಿದರೆ ಹೆಪ್ಪು ಸಾಯುತ್ತದೆ. ಇಲ್ಲಿ ಸಾಯುವುದಕ್ಕೆ ಜೀವವೇ ಇಲ್ಲ. ಆದುದರಿಂದ ಕಲ್ಲುಸಕ್ಕರೆಯ ಉಪಮಾನವೇ ಹೆಚ್ಚು ಸಲ್ಲುವುದು. ಗಟ್ಟಿಯಾದ ಪಾಕದಲ್ಲಿ ಸಕ್ಕರೆಯ ಒಂದು ಹರಳನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರೆ, ಪಾಕದಲ್ಲಿ ಚದರಿದ್ದ ಸಕ್ಕರೆಯೆಲ್ಲ ಆ ಹರಳಿನ ಅಚ್ಚನ್ನೇ ಅನುಸರಿಸಿ ಅದಕ್ಕೆ ಅಂಟಿಕೊಳ್ಳುವುದು. ವಿಕೃತ ಪ್ರೋಟೀನಿನ ನೂಲಿನ ತುದಿಗೆ ಪ್ರಕೃತಿಸ್ಥವಾದ ಪ್ರೋಟೀನು ತಗುಲಿದರೆ ಅದೂ ಚಪ್ಪಟೆಯಾಗಿ ಅಂಟುತ್ತದೆ. ನೂಲು ಉದ್ದವಾಗಿ ಮುರಿದರೆ ಎರಡು ನೂಲು, ಬೆಳೆಯುವುದಕ್ಕೆ ಇನ್ನೆರಡು ತುದಿ. ಮತ್ತೆ ಮುರಿದರೆ ನಾಲ್ಕು. ಮೊದಲಿನ ವರ್ಷಗಳಲ್ಲಿ ಹೊರಗೆ ಏನೂ ತೋರದು. ಕೊನೆಯ ತಿಂಗಳುಗಳಲ್ಲಿ ಎಲ್ಲವೂ ಒಮ್ಮೆಗೇ ಕುಸಿಯುವುದು. ಶರೀರವು ಏಕೆ ಪ್ರತಿಭಟಿಸುವುದಿಲ್ಲವೆಂದರೆ, ಅದರ ಪಾಲಿಗೆ ಈ ಪ್ರೋಟೀನು ಪರಕೀಯವಲ್ಲ, ಅಕ್ಷರಗಳೆಲ್ಲವೂ ಮನೆಯವೇ. ಇದು ಬರಿಯ ತರ್ಕವಲ್ಲವೆಂಬುದಕ್ಕೆ ಜ್ಯೂರಿಕ್ಕಿನ ವೈಸ್‌ಮನ್ನನ ಪ್ರಯೋಗವೇ ಸಾಕ್ಷಿ. ಅವನ ಸಂಗಡಿಗರು ಈ ಪ್ರೋಟೀನನ್ನು ತಯಾರಿಸುವ ವಂಶಾಕ್ಷರವನ್ನೇ ತೆಗೆದುಹಾಕಿದ ಇಲಿಗಳನ್ನು ಪಡೆದು, ಅವುಗಳಿಗೆ ಸ್ಕ್ರೇಪಿಯ ಬೀಜವನ್ನು ಚುಚ್ಚಿದರು. 1993ರಲ್ಲಿ ಪ್ರಕಟವಾದಂತೆ, ಆ ಇಲಿಗಳಿಗೆ ರೋಗವೇ ಬರಲಿಲ್ಲ. ಪಾಕವಿಲ್ಲದ ಮೇಲೆ ಹರಳಿಗೇನು ಕೆಲಸ?

ಕಣ್ಣಿಗೆ ಕಾಣದ ಈ ನೂಲನ್ನು ವಿದ್ವಾಂಸರು ಕಂಡುದಾದರೂ ಹೇಗೆ? ಈ ಶೋಧದ ಮೊದಲ ಹೆಜ್ಜೆಯು ಒಂದು ತಪ್ಪು. 1854ರಲ್ಲಿ ಜರ್ಮನಿಯ ಫಿರ್ಖೋ ಎಂಬ ಮಹಾವೈದ್ಯನು ಮಿದುಳಿನಲ್ಲಿದ್ದ ಕೆಲವು ಕಣಗಳಿಗೆ ಅಯೋಡಿನ್ ಹಾಕಿ, ಬಣ್ಣವೇರಿದುದರಿಂದ ಅವು ಗಂಜಿಯ ಜಾತಿಯವೆಂದು ನಿಶ್ಚಯಿಸಿ, ಗಂಜಿಯಂತಹುದು ಎಂಬರ್ಥದ ಅಮಿಲಾಯ್ಡ್ ಎಂಬ ಹೆಸರನ್ನು ಬಳಸಿದನು. ಐದೇ ವರ್ಷಗಳಲ್ಲಿ ಇತರರು ಇಂತಹ ಗಡ್ಡೆಯನ್ನು ಪೃಥಕ್ಕರಿಸಿ ಅದು ಗಂಜಿಯಲ್ಲ, ಸಸಾರಜನಕವೆಂದು ತೋರಿಸಿದರು. ಹೆಸರು ಮಾತ್ರ ಹೋಗಲಿಲ್ಲ. ರೂಢಿಯು ಯೋಗವನ್ನು ಮೀರಿಸುವುದಕ್ಕೆ ಇದೊಂದು ನಿದರ್ಶನ. 1922ರಲ್ಲಿ ಬಟ್ಟೆಗೆ ಹಾಕುವ ಕಾಂಗೋ ಕೆಂಪೆಂಬ ಬಣ್ಣವು ಈ ಗಡ್ಡೆಗಳಿಗೆ ಹತ್ತುವುದೆಂದು ತಿಳಿಯಿತು; ಕೆಲವೇ ವರ್ಷಗಳ ತರುವಾಯ, ಹಾಗೆ ಕೆಂಪೇರಿದುದನ್ನು ಧ್ರುವೀಕರಿಸಿದ ಬೆಳಕಿನಲ್ಲಿ ನೋಡಿದರೆ ಹಸುರಾಗಿ ಹೊಳೆಯುವುದೆಂದು ಬೆಲ್ಜಿಯಮ್ಮಿನ ದಿವ್ರಿಯು ಕಂಡನು. ಒಳಗೆ ಏನೋ ಕ್ರಮಬದ್ಧವಾಗಿ ಜೋಡಿಸಲ್ಪಟ್ಟಿದೆಯೆಂಬುದಕ್ಕೆ ಆ ಹಸುರೇ ಕುರುಹು. 1935ರಲ್ಲಿ ಆಸ್ಟ್‌ಬರಿಯು ಬೇಯಿಸಿದ ಕೋಳಿಮೊಟ್ಟೆಯ ಬಿಳಿಯನ್ನು ಎಳೆದು ಕ್ಷಕಿರಣಗಳನ್ನು ಹಾಯಿಸಿ ಇಂತಹದೇ ಜೋಡಣೆಯ ಗುರುತನ್ನು ಪಡೆದಿದ್ದನು. 1968ರಲ್ಲಿ ರೋಗದ ಗಡ್ಡೆಗಳಲ್ಲಿಯೂ ಅದೇ ಗುರುತು ದೊರೆಯಿತು. 1996ರಲ್ಲಿ ಪ್ರಿಯಾನಿನ ಸಹಜರೂಪವು ಜ್ಯೂರಿಕ್ಕಿನ ವ್ಯೂತ್ರಿಖನ ಅಯಸ್ಕಾಂತ ಯಂತ್ರದಲ್ಲಿ ತಿಳಿದುಬಂದಿತು. ವಿಕೃತರೂಪವಾದರೋ 2021ರವರೆಗೆ ಕಾಯಿಸಿತು. ರೋಗಿಷ್ಠ ಹ್ಯಾಮ್‌ಸ್ಟರಿನ ಮಿದುಳಿನಿಂದ ತೆಗೆದ ನೂಲುಗಳನ್ನು ಅತಿಶೈತ್ಯದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಸಹಸ್ರಾರು ಚಿತ್ರಗಳನ್ನು ತೆಗೆದು ಕೂಡಿಸಿದಾಗ, ಊಟದೆಲೆಗಳ ಆ ಪೇರಿಕೆಯು ಪದರ ಪದರವಾಗಿ ಕಂಡಿತು.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಜಯಂತ ಉದ್ಗಾಂವ್ಕರರೂ ಅವರ ಶಿಷ್ಯರೂ ಬೇರೊಂದು ಪ್ರಶ್ನೆಯನ್ನು ಹಿಡಿದರು. ಕೊನೆಯ ರೂಪವು ಹೇಗಿದೆಯೆಂಬುದಕ್ಕಿಂತ, ಪ್ರಕೃತಿಯು ಯಾವ ಯಾವ ಮೆಟ್ಟಿಲುಗಳನ್ನು ಇಳಿದು ವಿಕೃತಿಗೆ ಬಂದಿತೆಂಬುದು ಅವರ ಜಿಜ್ಞಾಸೆ. ಇಲಿಯ ಪ್ರಿಯಾನನ್ನು ಆಮ್ಲೀಯವಾದ ದ್ರವದಲ್ಲಿಟ್ಟು, ಅದು ಮೊದಲು ಸಣ್ಣ ಸಣ್ಣ ಗುಂಪುಗಳಾಗಿ, ಅನಂತರ ಹುಳುವಿನಂತೆ ಡೊಂಕಾದ ನೂಲುಗಳಾಗಿ ಬೆಳೆಯುವುದನ್ನು ಅವರು ಹಂತಹಂತವಾಗಿ ಅಳೆದರು. ರೋಗನಿರ್ಣಯಕ್ಕೂ ಈಗ ಹೆಪ್ಪಿನ ಉಪಾಯವೇ ಬಂದಿದೆ. ರೋಗಿಯ ಬೆನ್ನುಹುರಿಯ ದ್ರವವನ್ನು ಸಹಜ ಪ್ರೋಟೀನಿನೊಡನೆ ಬೆರಸಿ ಕುಲುಕಿದರೆ, ವಿಕೃತಿಯ ಲೇಶವಿದ್ದರೂ ಸಂಘಾತವು ಬೆಳೆಯುವುದು. ಅದರೊಡನೆ ಹಾಕಿದ ಒಂದು ಬಣ್ಣವು ಆಗ ಪ್ರಕಾಶಿಸುವುದು. ಹಿಂದೆ ಸತ್ತ ಮೇಲೆ ಮಿದುಳನ್ನು ಸೀಳಿಯೇ ಖಚಿತಪಡಿಸಬೇಕಾಗಿದ್ದುದನ್ನು ಈಗ ಬದುಕಿರುವಾಗಲೇ ಬಹುಮಟ್ಟಿಗೆ ನಿಶ್ಚಯಿಸಬಹುದು. ಗುಣಪಡಿಸುವ ಮದ್ದು ಮಾತ್ರ ಇಲ್ಲ.

ವೃದ್ಧರ ಮರೆವಿನ ರೋಗವಾದ ಆಲ್ಝೈಮರ್, ಕೈನಡುಕದ ಪಾರ್ಕಿನ್ಸನ್ ಇವುಗಳಲ್ಲಿಯೂ ಬೇರೆ ಬೇರೆ ಪ್ರೋಟೀನುಗಳು ಇದೇ ಬಗೆಯಲ್ಲಿ ಗಡ್ಡೆಗಟ್ಟುವುವು. ಹಾಗೆಂದು ಹಳ್ಳಿಗಳಲ್ಲಿ ಮರೆವು ಬಂದ ಅಜ್ಜಿಯ ತಟ್ಟೆಲೋಟಗಳನ್ನು ಬೇರೆಯಿಡಬೇಕಾದುದಿಲ್ಲ. ಸೇವೆ ಮಾಡುವವರಿಗೆ ಈ ರೋಗಗಳು ಅಂಟುವುದಿಲ್ಲ.

ಇನ್ನು ಆ ಅಪವಾದದ ಮಾತು. ಇಂಗ್ಲೆಂಡಿನ ಹಸುಗಳಿಗೆ ಮೊಟ್ಟಮೊದಲ ಬೀಜವು ಎಲ್ಲಿಂದ ಬಂದಿತು? ಕುರಿಯ ಸ್ಕ್ರೇಪಿಯಿಂದಲೆಂದು ಬಹುಮಂದಿ ಭಾವಿಸಿದ್ದರು. ಲಾರ್ಡ್ ಫಿಲಿಪ್ಸರ ವಿಚಾರಣಾ ಸಮಿತಿಯು 2000ದ ಅಕ್ಟೋಬರಿನಲ್ಲಿ ವರದಿಯನ್ನೊಪ್ಪಿಸಿ, 1970ರ ದಶಕದಲ್ಲಿ ಯಾವುದೋ ಒಂದು ಪ್ರಾಣಿಯಲ್ಲಿ ಅದು ಹೊಸದಾಗಿ ಹುಟ್ಟಿರಬಹುದೆಂದಿತು. 2005ರ ಸೆಪ್ಟೆಂಬರಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಲನ್ ಕೋಲ್ಚೆಸ್ಟರ್, ನ್ಯಾನ್ಸಿ ಕೋಲ್ಚೆಸ್ಟರ್ ಎಂಬಿಬ್ಬರು ಮೂರನೆಯದೊಂದು ವಾದವನ್ನು ಹೂಡಿದರು. 1960–70ರ ದಶಕಗಳಲ್ಲಿ ಬ್ರಿಟನ್ನು ಗೊಬ್ಬರಕ್ಕೂ ದಾಣಿಗೂ ಲಕ್ಷಾಂತರ ಟನ್ನು ಎಲುಬನ್ನು ತರಿಸಿಕೊಂಡಿತು. ಅದರಲ್ಲಿ ದೊಡ್ಡ ಪಾಲು ಭಾರತ ಉಪಖಂಡದ್ದು. ಗಂಗೆಯಂತಹ ನದಿಗಳಲ್ಲಿ ಅರ್ಧ ಸುಟ್ಟು ಬಿಟ್ಟ ಶವಗಳ ಎಲುಬನ್ನು ಆಯುವವರು ದನದ ಎಲುಬಿನೊಡನೆ ಬೆರಸಿದರು. ಆ ಶವಗಳಲ್ಲಿ ಕ್ರಾಯಿಟ್ಸ್‌ಫೆಲ್ಟ್–ಯಾಕೋಬ್ ರೋಗದಿಂದ ಸತ್ತವರದೂ ಇದ್ದು, ಅದೇ ಹಸುವಿನ ರೋಗಕ್ಕೆ ಮೂಲವಾಯಿತು ಎಂಬುದು ಅವರ ಊಹೆಯ ಸಾರ.

ಅದೇ ಪತ್ರಿಕೆಯಲ್ಲಿ ಇದನ್ನು ವಿಮರ್ಶಿಸಿದವರು ಬೆಂಗಳೂರಿನ ನಿಮ್ಹಾನ್ಸಿನ ಎಸ್. ಕೆ. ಶಂಕರ್ ಮತ್ತು ಪಿ. ಸತೀಶ್ಚಂದ್ರ. ಇವರು ಈ ವಿಷಯಕ್ಕೆ ಹೊಸಬರಲ್ಲ. ಭಾರತದಲ್ಲಿ ಕಂಡುಬಂದ ಕ್ರಾಯಿಟ್ಸ್‌ಫೆಲ್ಟ್–ಯಾಕೋಬ್ ರೋಗಿಗಳ ವಿವರಗಳನ್ನು ವರ್ಷಾನುಗಟ್ಟಲೆ ಕಲೆಹಾಕಿ, 1971ರಿಂದ 1990ರವರೆಗಿನ ವೃತ್ತಾಂತವನ್ನು 1991ರಲ್ಲಿಯೇ ಪ್ರಕಟಿಸಿದ್ದವರು. ರೋಗವು ಇಲ್ಲಿ ವಿರಳವಾಗಿಯೇ ವರದಿಯಾಗಿದೆಯೆಂಬುದನ್ನು ಬಲ್ಲವರು. ಇಡೀ ಒಂದು ಜನಾಂಗದ ಅಂತ್ಯಸಂಸ್ಕಾರವನ್ನು ಮುಟ್ಟುವ ಊಹೆಯನ್ನು ಮುಂದಿಡುವಾಗ ಎಚ್ಚರವಿರಬೇಕು, ಪ್ರಮಾಣಗಳು ಮೊದಲು ಒದಗಬೇಕು ಎಂಬುದು ಅವರ ಉತ್ತರದ ತಾತ್ಪರ್ಯ. ಕೋಪದಿಂದ ಬರೆಯಲು ಕಾರಣವಿದ್ದಾಗ ಹೀಗೆ ಶಾಂತವಾಗಿ ಬರೆದುದು ಅವರ ಹಿರಿಮೆ.

ಪೂರ್ವಪಕ್ಷಕ್ಕೂ ನ್ಯಾಯ ಸಲ್ಲಬೇಕು. ಎಲುಬಿನ ವ್ಯಾಪಾರವು ಸುಳ್ಳಲ್ಲ; ಬರಗಾಲಗಳಲ್ಲಿ ಸತ್ತ ದನಗಳ ಎಲುಬು ಹಡಗು ಹತ್ತಿದ ದೇಶವಿದು. ಆದರೆ ವಿಕೃತ ಪ್ರೋಟೀನು ನೆಲೆಸುವುದು ವಿಶೇಷವಾಗಿ ಮಿದುಳು, ಬೆನ್ನುಹುರಿಗಳಲ್ಲಿ. ನದಿಯಲ್ಲಿ ಕೊಳೆತು ದಡದಲ್ಲಿ ಒಣಗಿದ ಎಲುಬಿನಲ್ಲಿ ಅವೆಷ್ಟು ಉಳಿದಾವು? ಕೋಟ್ಯಂತರ ಜನರಲ್ಲಿ ಬಹಳ ಅಪರೂಪವಾಗಿ ಬರುವ ರೋಗದ ಶವವೇ ಎಲುಬಿನ ರಾಶಿಗೆ ಸೇರಿ, ಅದೇ ಹಿಡಿ ಹಿಟ್ಟು ಒಂದು ಹಸುವಿನ ಬಾಯಿಗೆ ಬೀಳಬೇಕು. ಅದೂ ಮನುಷ್ಯನ ಪ್ರಿಯಾನು ಹಸುವಿನ ಪ್ರಿಯಾನಿಗೆ ಸುಲಭವಾಗಿ ಅಚ್ಚಾಗಲಾರದೆಂಬ ಜಾತಿಭೇದದ ತಡೆಯನ್ನು ದಾಟಿ! ಇಷ್ಟನ್ನೂ ಒಪ್ಪಿದರೂ ಮುಖ್ಯಪ್ರಶ್ನೆಯು ಬಗೆಹರಿಯದು. ಒಂದು ಹಸುವಿಗೆ ರೋಗ ಬಂದುದು ಒಂದು ಸಂಗತಿ. ಅದು ಲಕ್ಷದೆಂಬತ್ತು ಸಾವಿರವಾದುದು ಇನ್ನೊಂದು. ರೋಗಿಷ್ಠ ಹಸುವಿನ ಮಿದುಳಿನ ಒಂದೇ ಮಿಲಿಗ್ರಾಮು, ಸಾಸಿವೆಯ ಕಾಳಿಗಿಂತಲೂ ಕಡಿಮೆ ತೂಕ, ಕರುವಿಗೆ ತಿನ್ನಿಸಿದರೂ ಕೆಲವಕ್ಕೆ ರೋಗ ಬರಬಹುದೆಂದು ಪ್ರಯೋಗಗಳಲ್ಲಿ ಕಂಡಿದೆ. ಸತ್ತ ಹಸುವನ್ನು ಹಿಟ್ಟುಮಾಡಿ ಸಾವಿರ ಹಸುಗಳಿಗೆ ಹಂಚಿದುದು ಇಂಗ್ಲೆಂಡಿನ ಕಾರ್ಖಾನೆಗಳೇ ಹೊರತು ಗಂಗೆಯಲ್ಲ.

ಅಮೃತಮಹಲಿಗೆ ಈ ರೋಗವು ಬಾರದಿದ್ದುದು ತಳಿಯ ವಿಶೇಷಗುಣದಿಂದಲೆಂದು ಹೇಳುವುದು ದುರಭಿಮಾನವಾದೀತು. ಪ್ರಿಯಾನ್ ಪ್ರೋಟೀನು ಈ ರಾಸುಗಳ ನರಗಳಲ್ಲಿಯೂ ಇದೆ. ಭಾರತದಲ್ಲೆಲ್ಲಿಯೂ ಈ ರೋಗವು ದೃಢಪಟ್ಟಿಲ್ಲ. ಅಂತಾರಾಷ್ಟ್ರೀಯ ಪಶ್ವಾರೋಗ್ಯ ಸಂಸ್ಥೆಯು 2010ರಲ್ಲಿ ಈ ದೇಶವನ್ನು ನಗಣ್ಯವಾದ ಅಪಾಯದ ವರ್ಗಕ್ಕೆ ಸೇರಿಸಿತು. ಇದಕ್ಕೆ ಕಾರಣ ಹಸುವಿನ ಬಾಯಿಗೆ ಬಿದ್ದುದು ಹುಲ್ಲು, ಸೊಪ್ಪೆ, ಹಿಂಡಿ, ಬೂಸಗಳೆಂಬುದು. ಆ ಹುಲ್ಲಿನ ಕಾವಲುಗಳೋ ಒಂದು ಕಾಲಕ್ಕೆ ಲಕ್ಷಾಂತರ ಎಕರೆಯಿದ್ದು, ಉಳುಮೆಗೂ ಇತರ ಉದ್ದೇಶಗಳಿಗೂ ಹಂಚಿಹೋಗಿ ಬಹಳ ಕುಗ್ಗಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಮಾತ್ರ 2011ರಲ್ಲಿ ಸಂರಕ್ಷಿತ ಪ್ರದೇಶವೆನಿಸಿತು. ಅದೂ ವಿಶೇಷವಾಗಿ ಅಲ್ಲಿಯ ಕೃಷ್ಣಮೃಗಗಳ ದೆಸೆಯಿಂದ.

ಈಚಿನ ಇನ್ನೊಂದು ಶೋಧವನ್ನು ಹೇಳಬೇಕು. 2004ರಿಂದೀಚೆಗೆ ಯೂರೋಪಿನಲ್ಲಿ, ಎಲುಬಿನ ಹಿಟ್ಟಿನ ಸಂಬಂಧವಿದ್ದಂತೆ ತೋರದ ಮುದಿ ಹಸುಗಳಲ್ಲಿ ಈ ರೋಗದ ಬೇರೆ ಎರಡು ಪ್ರಭೇದಗಳು ಅಪರೂಪವಾಗಿ ಕಂಡುಬಂದಿವೆ. ಮನುಷ್ಯರಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೊಬ್ಬರಿಗೋ ಇಬ್ಬರಿಗೋ ಕಾರಣವಿಲ್ಲದೆಯೇ ಬರುವಂತೆ, ವಯಸ್ಸಾದ ಹಸುವಿನಲ್ಲಿಯೂ ಒಂದು ಸರವು ತಾನೇ ತಪ್ಪಾಗಿ ಮಡಿಸಿಕೊಳ್ಳುವುದುಂಟೆಂದು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಅದು ಯಾವ ದೇಶದಲ್ಲಾದರೂ ಆಗಬಹುದು. ಅಜ್ಜಂಪುರದ ಕಾವಲಿನಲ್ಲಿ ಹುಲ್ಲನ್ನೇ ಮೇಯ್ದು ಮುದಿಯಾದ ಹಸುವಿಗೂ ಆಗಬಹುದು. ಆ ಹಸುವು ಸತ್ತರೆ ಅದನ್ನು ಇನ್ನೊಂದು ಹಸುವು ತಿನ್ನುವುದಿಲ್ಲ.